ಮೇಷ್ಟ್ರೇ, ನಮ್ಮ ಶಾಲೆಗೆ ಎಷ್ಟು ಮಾರ್ಕ್ಸ್?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ. ಪ್ರೈಮರಿ ಶಾಲೆ, ಪರೀಕ್ಷೆ, ಮಾರ್ಕ್ಸ್. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಉದ್ದದ ಪತ್ರಗಳಿಗೆ ಸ್ವಲ್ಪ ಕತ್ತರಿ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ. ಮಗಳು ಅಲ್ಲೇ 4ನೇ ಕ್ಲಾಸು. ಕ್ಲಸ್ಟರಿನ, ಅಂದರೆ ಸುತ್ತಮುತ್ತಲಿನ, ಎಲ್ಲ ಸರ್ಕಾರಿ ಶಾಲೆಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಪರೀಕ್ಷೆ ಮಾಡಿದರು. 5ನೇ ಕ್ಲಾಸಿನ ಗಣಿತದಲ್ಲಿ ಹೋದ ವರ್ಷ ನಮ್ಮ ಶಾಲೆ 73 ಪರ್ಸೆಂಟ್ ಪಾಸು, ಈ ವರ್ಷ 55. ಎರಡೂ ವರ್ಷ ಕ್ಲಾಸಿನಲ್ಲಿದ್ದವರು 11 ಮಕ್ಕಳು. ರಸ್ತೆ ಆಚೆಯ ಕಾನ್ವೆಂಟಿನವರು ಗೇಟಿಗೆ ‘98 ಪರ್ಸೆಂಟ್’ ಅಂತ ಫ್ಲೆಕ್ಸ್ ಕಟ್ಟಿದ್ದಾರೆ. ಆಗಲೇ ಮೂರು ಮನೆಯವರು ಟಿಸಿ ಕೇಳಿದ್ದಾರೆ. ನಮ್ಮ ಶಾಲೆ ನಿಜಕ್ಕೂ ಕೆಟ್ಟುಹೋಯಿತಾ?
— ಒಬ್ಬ ತಂದೆ, ತಿಪಟೂರು ತಾಲ್ಲೂಕು

ಉತ್ತರ: ಪೆನ್ನು ತಗೊಳ್ಳಿ ಸ್ವಾಮಿ, ಒಂದು ಲೆಕ್ಕ ಮಾಡೋಣ. 11 ಮಕ್ಕಳಲ್ಲಿ 8 ಜನ ಪಾಸಾದರೆ 73 ಪರ್ಸೆಂಟ್. 6 ಜನ ಪಾಸಾದರೆ 55. ಅಂದರೆ ನೀವು ಹೇಳುತ್ತಿರುವ 18 ಪರ್ಸೆಂಟ್ ಕುಸಿತ ಅಂದರೆ ಎರಡು ಮಕ್ಕಳು. ಎರಡೇ. ಒಂದು ಹುಡುಗನಿಗೆ ಆ ವಾರ ಮಂಗಬಾವು ಬಂದಿದ್ದರೆ, ಇನ್ನೊಂದು ಹುಡುಗಿ ಅಪ್ಪ ಅಮ್ಮನ ಜೊತೆ ಕೂಲಿಗೆ ಹೋಗಿ ಮೂರು ತಿಂಗಳು ಶಾಲೆಗೇ ಬಂದಿರದಿದ್ದರೆ, ಮುಗೀತು, ನಿಮ್ಮ ಶಾಲೆ 18 ಪರ್ಸೆಂಟ್ ಬಿತ್ತು. ದೊಡ್ಡ ಶಾಲೆಯಲ್ಲಿ ಇಂಥ ಇಬ್ಬರು ಗುಂಪಿನಲ್ಲಿ ಕರಗಿ ಹೋಗುತ್ತಾರೆ. ಸಣ್ಣ ಶಾಲೆಯ ಪರ್ಸೆಂಟು ಹಳ್ಳಿ ಬಸ್ಸಿನ ಟೈಮಿನ ಹಾಗೆ, ಒಂದೊಂದು ದಿನ ಒಂದೊಂದು ಥರ. ಮೂರು ನಾಲ್ಕು ವರ್ಷದ್ದು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಏನಾದರೂ ಹೇಳಬಹುದು.

ಇನ್ನು ಆ ಫ್ಲೆಕ್ಸು. ಅವರನ್ನು ಒಂದೇ ಪ್ರಶ್ನೆ ಕೇಳಿ: ಯಾವ ಪ್ರಶ್ನೆಪತ್ರಿಕೆ? ಯಾರು ತಿದ್ದಿದ್ದು? ಅದು ಎರಡಾಯಿತು ಅನ್ನಬೇಡಿ, ಎರಡೂ ಒಂದೇ. ತಾವೇ ಪತ್ರಿಕೆ ತೆಗೆದು ತಾವೇ ತಿದ್ದಿ ತಾವೇ ಫ್ಲೆಕ್ಸ್ ಹಾಕಿದ ಅಂಕವನ್ನು ಕ್ಲಸ್ಟರ್ ಪರೀಕ್ಷೆಯ ಅಂಕದ ಪಕ್ಕ ಇಡುವುದು, ಮನೆ ಸೇರಿನಲ್ಲಿ ಅಳೆದ ರಾಗಿಯನ್ನು ಸೊಸೈಟಿ ತೂಕದ ಜೊತೆ ಹೋಲಿಸಿದ ಹಾಗೆ. ಜೊತೆಗೆ ಅಲ್ಲಿಗೆ ಹೋಗುವ ಮಕ್ಕಳು ಯಾರು ಅಂತಲೂ ನೋಡಿ. ಫೀಸು ಕಟ್ಟಬಲ್ಲ ಮನೆ, ಓದು ಬಲ್ಲ ತಾಯಿ, ಸಂಜೆ ಟ್ಯೂಷನ್. ಆ ಮಕ್ಕಳನ್ನೇ ನಿಮ್ಮ ಶಾಲೆಯಲ್ಲಿ ಕೂರಿಸಿದ್ದರೂ ಹೆಚ್ಚು ಕಡಿಮೆ ಅಷ್ಟೇ ಅಂಕ ತೆಗೆಯುತ್ತಿದ್ದರು ಅಂತ ನನ್ನ ಗುಮಾನಿ. ಶಾಲೆಯ ಒಟ್ಟು ಅಂಕ ನಮಗೆ ಜಾಸ್ತಿ ಹೇಳುವುದು ಗೇಟಿನೊಳಗೆ ಬರುವ ಮಕ್ಕಳ ಮನೆಯ ಬಗ್ಗೆ. ಒಳಗೆ ಬಂದ ಮೇಲೆ ಏನು ಕಲಿಸಿದರು ಅನ್ನುವುದು ಅದರಲ್ಲಿ ಕಾಣುವುದು ಸ್ವಲ್ಪವೇ.

ಹಾಗಂತ ನಿಮ್ಮ ಶಾಲೆಯಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ಐದು ಮಕ್ಕಳು ಪಾಸಾಗಿಲ್ಲ. ಆ ಐವರ ಉತ್ತರ ಪತ್ರಿಕೆ ಎಲ್ಲಿದೆ? ಅದನ್ನು ಯಾರಾದರೂ ಬಿಡಿಸಿ ನೋಡಿದರಾ? ನಮ್ಮಲ್ಲಿ ಅಂಕವನ್ನು ಸ್ಯಾಟ್ಸ್ ಅನ್ನುವ ಇಲಾಖೆಯ ಆನ್‌ಲೈನ್ ದಾಖಲೆಗೆ ಏರಿಸಿದ ಮೇಲೆ ಪತ್ರಿಕೆಗಳು ಬೀರು ಸೇರುತ್ತವೆ. ಅಸಲು ಮಾಹಿತಿ ಇರುವುದು ಆ ಬೀರುವಿನಲ್ಲಿ.

ಒಂದು ಸಂಗತಿ ಹೇಳುತ್ತೇನೆ. ನಾನು ಕೆಲಸದಲ್ಲಿದ್ದಾಗ 5ನೇ ಕ್ಲಾಸಿನ ಒಬ್ಬ ಹುಡುಗ ಗಣಿತದಲ್ಲಿ ಯಾವಾಗಲೂ ಸೊನ್ನೆಯ ಆಸುಪಾಸು. ಅವರಪ್ಪ ಕಾಯಿ ವ್ಯಾಪಾರ ಮಾಡುತ್ತಿದ್ದರು. ಪತ್ರಿಕೆಯಲ್ಲಿ ಒಂದು ಪ್ರಶ್ನೆ: ‘ಒಬ್ಬ ವ್ಯಾಪಾರಿಯು 125 ತೆಂಗಿನಕಾಯಿಗಳನ್ನು ತಲಾ 18 ರೂಪಾಯಿಗಳಂತೆ ಮಾರಾಟ ಮಾಡಿದರೆ ಅವನಿಗೆ ದೊರೆಯುವ ಒಟ್ಟು ಮೊತ್ತವೆಷ್ಟು?’ ಇವನು ಉತ್ತರದ ಜಾಗದಲ್ಲಿ 143 ಅಂತ ಬರೆದಿದ್ದ. ಎರಡು ಸಂಖ್ಯೆ ಕಂಡಿತು, ಕೂಡಿಸಿದ. ನಾನು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ‘ಜೋರಾಗಿ ಓದೋ’ ಅಂದೆ. ‘ವ್ಯಾಪಾರಿ’ ಹತ್ತಿರ ನಿಂತ. ಯ ಒತ್ತು ಬಿಟ್ಟು ‘ವಾಪಾರಿ’ ಅಂದ. ‘ಒಟ್ಟು’ ಹೋಗಿ ‘ಒಟು’ ಆಯಿತು, ‘ಮೊತ್ತ’ ಹೋಗಿ ‘ಮೊತ’. ‘ತಲಾ’ ಬಂದಾಗ ನನ್ನ ಮುಖ ನೋಡಿ ಕೇಳಿದ: ‘ತಲಾ ಅಂದ್ರೆ ತಲೆ ಅಲ್ವಾ ಸಾರ್?’

ಪುಸ್ತಕ ಮುಚ್ಚಿದೆ. ‘ಲೋ, 125 ಕಾಯಿ ಐತೆ. ಒಂದಕ್ಕೆ 18 ರೂಪಾಯಿ. ಎಷ್ಟಾಯ್ತು?’ ಅಂದೆ. ಹುಡುಗ ಸೂರು ನೋಡಿದ. ‘ನೂರು ಕಾಯಿಗೆ ಸಾವಿರದ ಎಂಟ್ನೂರು. ಇಪ್ಪತ್ತೈದಕ್ಕೆ ಅದರ ಕಾಲುಭಾಗ, ನಾನೂರೈವತ್ತು. ಎರಡು ಸಾವಿರದ ಇನ್ನೂರೈವತ್ತು ಸಾರ್.’ ನಾನು ಕಾಗದದ ಮೇಲೆ ಗುಣಿಸಿ ಮುಗಿಸುವಷ್ಟರಲ್ಲಿ ಅವನು ಹೇಳಿ ಆಗಿತ್ತು.

ಅವನ ಪ್ರಗತಿ ಪತ್ರದಲ್ಲಿ ಏನಿತ್ತು? ಗಣಿತ: ಸಿ. ಆ ‘ಸಿ’ ಗಣಿತದ್ದಲ್ಲ, ಒತ್ತಕ್ಷರದ್ದು. ನಾವು ಎರಡು ವರ್ಷ ಅವನಿಗೆ ಮಗ್ಗಿ ಬಾಯಿಪಾಠ ಮಾಡಿಸಿದ್ದೆವು, ಕಣ್ಣಿನ ನೋವಿಗೆ ಕಿವಿಗೆ ಹನಿ ಹಾಕಿದ ಹಾಗೆ. (ಅಂದ ಹಾಗೆ ‘ತಲಾ’ ಅಂದರೆ ತಲೆಗೆ ಇಷ್ಟು ಅಂತಲೇ. ಹುಡುಗ ಪೂರ್ತಿ ತಪ್ಪೇನೂ ಹೇಳಿರಲಿಲ್ಲ. ಕಾಯಿಗೆ ತಲೆ ಎಲ್ಲಿ ಅಂತ ಅವನಿಗೆ ಗೊಂದಲ, ಅಷ್ಟೇ.)

ಹಾಗಾಗಿ ನೀವು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಪರ್ಸೆಂಟ್ ಬಗ್ಗೆ ಜಗಳ ತೆಗೆಯಬೇಡಿ. ನಿಮ್ಮ ಶಾಲೆಯಲ್ಲಿ ಎಷ್ಟು ಜನ ಶಿಕ್ಷಕರೋ ನನಗೆ ಗೊತ್ತಿಲ್ಲ, ಇಬ್ಬರೇ ಇದ್ದು ಐದು ಕ್ಲಾಸು ನೋಡುತ್ತಿದ್ದರೆ ಅವರ ಮೇಲೆ ಎಗರಿ ಏನೂ ಸಿಗುವುದಿಲ್ಲ. ಬದಲಿಗೆ ಹೀಗೆ ಕೇಳಿ: ‘4, 5ನೇ ಕ್ಲಾಸಿನಲ್ಲಿ ಯಾವ ಮಗು ಎಲ್ಲಿವರೆಗೆ ಓದುತ್ತೆ? ಹೆಸರು ಹಿಡಿದು ಹೇಳಿ ಮೇಡಂ.’ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ನಲಿಕಲಿಯಲ್ಲಿ, ಅಂದರೆ 1ರಿಂದ 3ನೇ ಕ್ಲಾಸಿನ ಚಟುವಟಿಕೆ ಪದ್ಧತಿಯಲ್ಲಿ, ಇದಕ್ಕೆ ಜಾಗ ಇದೆ. ಮಗು ಕಲಿಕಾ ಏಣಿಯಲ್ಲಿ ಯಾವ ಮೆಟ್ಟಿಲಿನಲ್ಲಿದೆ ಅಂತ ಶಿಕ್ಷಕರಿಗೆ ಗೊತ್ತಿರುತ್ತೆ, ಅಲ್ಲಿಂದಲೇ ಮುಂದಕ್ಕೆ ಹೋಗುತ್ತೆ. 4ನೇ ಕ್ಲಾಸಿಗೆ ಬಂದ ತಕ್ಷಣ ಏಣಿ ಹೋಗಿ ಪಠ್ಯಪುಸ್ತಕ ಬರುತ್ತೆ. ಏಣಿಯ ಅರ್ಧದಲ್ಲಿದ್ದ ಮಗು ಅಲ್ಲೇ ನೇತಾಡುತ್ತಾ ಉಳಿಯುತ್ತೆ. ಮುಂದಿನ ವರ್ಷ 5ನೇ ಕ್ಲಾಸಿನ ಪತ್ರಿಕೆಯಲ್ಲಿ ಅದು ‘ಗಣಿತ ಬರದ ಮಗು’.

ಮನೆಯಲ್ಲೂ ನೋಡಬಹುದು. ಪ್ರಥಮ್ ಸಂಸ್ಥೆಯವರು 2005ರಿಂದ ‘ಅಸರ್’ ಅಂತ ಹಳ್ಳಿಗಳ ಸಮೀಕ್ಷೆ ಮಾಡುತ್ತಾ ಬಂದಿದ್ದಾರೆ. ಅವರು ಶಾಲೆಗೆ ಹೋಗಿ ಕೂರುವುದಿಲ್ಲ, ಮನೆ ಬಾಗಿಲಿಗೆ ಬರುತ್ತಾರೆ. ಕೈಯಲ್ಲಿ ಒಂದು ಹಾಳೆ. ಅದರಲ್ಲಿ ಅಕ್ಷರ, ಪದ, ನಾಲ್ಕು ಸಾಲಿನ ಪ್ಯಾರಾ, 2ನೇ ಕ್ಲಾಸಿನ ಮಟ್ಟದ ಒಂದು ಪುಟ್ಟ ಕಥೆ. ಇಷ್ಟೇ. ಒಂದು ಮಗುವಿಗೆ ಐದು ನಿಮಿಷ ಸಾಕು. 2024ರಲ್ಲಿ ದೇಶದ ಹಳ್ಳಿಗಳ ಸರ್ಕಾರಿ ಶಾಲೆಗಳ 5ನೇ ಕ್ಲಾಸಿನ ಮಕ್ಕಳಲ್ಲಿ 44.8 ಪರ್ಸೆಂಟ್ ಆ 2ನೇ ಕ್ಲಾಸಿನ ಕಥೆ ಓದಿದರು. ಉಳಿದವರಿಗೆ ಆಗಲಿಲ್ಲ. ನಿಮ್ಮೂರ ಐದು ಮಕ್ಕಳ ಕಥೆ ನಿಮ್ಮೂರದ್ದೊಂದೇ ಅಲ್ಲ ಅಂತ ಹೇಳಲಿಕ್ಕೆ ಇದನ್ನು ಬರೆದೆ, ಸಮಾಧಾನ ಮಾಡಲಿಕ್ಕಲ್ಲ. ಇವತ್ತು ಸಂಜೆ ಮಗಳ ಕೈಗೆ 2ನೇ ಕ್ಲಾಸಿನ ಕನ್ನಡ ಪುಸ್ತಕ ಕೊಟ್ಟು ನೋಡದೇ ಇರುವ ಒಂದು ಪುಟ ಓದಿಸಿ. ತಡವರಿಸದೆ ಓದಿದರೆ ಟಿಸಿ ಮಾತು ಬಿಡಿ.

ಪ್ರಶ್ನೆ: ನಮ್ಮ ಶಾಲೆ ಮಕ್ಕಳ ಕಲಿಕೆ ಅಳೆಯುವ ರಾಷ್ಟ್ರೀಯ ಸರ್ವೇಕ್ಷಣೆಗೆ ಆಯ್ಕೆಯಾಗಿತ್ತು. ಅದಕ್ಕೆ ಒಂದು ತಿಂಗಳು ಮುಂಚಿನಿಂದ ಪಾಠ ನಿಲ್ಲಿಸಿ ಹಳೇ ಪ್ರಶ್ನೆ ಬಿಡಿಸಿ, ಓಎಂಆರ್ ಉತ್ತರ ಹಾಳೆಯ ಗುಂಡು ತುಂಬಿಸಿ ಪ್ರಾಕ್ಟೀಸ್ ಮಾಡಿಸಿದೆವು. ಓದಲು ಬಾರದ ನಾಲ್ಕು ಮಕ್ಕಳನ್ನು ಆ ದಿನ ಮನೆಯಲ್ಲೇ ಇರಿಸಿ ಅಂತ ಮೇಲಿನಿಂದ ಬಾಯಿಮಾತಿನ ಸೂಚನೆ. ಹೇಳಿದ ಹಾಗೆ ಮಾಡಿದೆ. ಈಗ ಆ ಮಕ್ಕಳ ಮುಖ ನೋಡಲು ಆಗುತ್ತಿಲ್ಲ.
— ಶಿಕ್ಷಕಿ, ಹೆಸರು ಊರು ಬೇಡ

ಉತ್ತರ: ಅಮ್ಮಾ, ನಿಮಗೆ ಬುದ್ಧಿ ಹೇಳುವ ಮುಂಚೆ ನನ್ನ ಕಥೆ ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತು. ಇನ್ಸ್‌ಪೆಕ್ಟರ್ ಬರುತ್ತಾರೆ ಅಂತ ಸುದ್ದಿ. 3ನೇ ಕ್ಲಾಸಿನಲ್ಲಿ ಚುರುಕಾದ ಒಂದು ಹುಡುಗಿಯನ್ನು ಬಾಗಿಲ ಹತ್ತಿರ ಕೂರಿಸಿ, ಪುಸ್ತಕದ ಮೊದಲ ಪಾಠ ಹದಿನೈದು ದಿನ ಓದಿಸಿದೆ. ಅವರು ಬಂದರು, ಅವಳನ್ನೇ ಎಬ್ಬಿಸಿದರು. ಗಳಗಳ ಓದಿದಳು. ಅವರು ಸುಮ್ನೆ ಕೈ ಚಾಚಿ ಎರಡು ಹಾಳೆ ತಿರುಗಿಸಿ ‘ಮುಂದಕ್ಕೆ ಓದಮ್ಮ’ ಅಂದರು. ಮಗು ಅದೇ ಮೊದಲ ಪಾಠವನ್ನೇ ಗಳಗಳ ಮುಂದುವರಿಸಿತು, ಬೆರಳು ಮಾತ್ರ ಹೊಸ ಪುಟದ ಮೇಲೆ. ಅವರು ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನಿಮ್ಮ ಮೇಲಿನವರಿಗೆ ಒಂದು ವಿಷಯ ಹೊಳೆಯಬೇಕಿತ್ತು. ಈ ಸರ್ವೇಕ್ಷಣೆ ಶಾಲೆಗೆ ಮಾರ್ಕ್ಸ್ ಕೊಡಲಿಕ್ಕೆ ಇರುವುದೇ ಅಲ್ಲ. 2021ರ ನವೆಂಬರ್ 12ಕ್ಕೆ ನಡೆದದ್ದಾಗಲಿ, 2024ರ ಡಿಸೆಂಬರ್ 4ಕ್ಕೆ ‘ಪರಖ್’ ಹೆಸರಿನಲ್ಲಿ 3, 6, 9ನೇ ಕ್ಲಾಸುಗಳಿಗೆ ನಡೆದದ್ದಾಗಲಿ, ಸ್ಯಾಂಪಲ್ ತೆಗೆದು ನೋಡುವ ಕೆಲಸ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಒತ್ತಿ ನೋಡುತ್ತೀವಲ್ಲ, ಹಾಗೆ. 2024ರಲ್ಲಿ 781 ಜಿಲ್ಲೆಗಳ 74,229 ಶಾಲೆಗಳಿಂದ 21 ಲಕ್ಷಕ್ಕೂ ಜಾಸ್ತಿ ಮಕ್ಕಳು ಬರೆದರು. ವರದಿ ಬರುವುದು ಜಿಲ್ಲೆ, ರಾಜ್ಯ, ದೇಶದ ಲೆಕ್ಕದಲ್ಲಿ. ನಿಮ್ಮ ಶಾಲೆಯ ಹೆಸರಿನಲ್ಲಿ ರ‍್ಯಾಂಕೂ ಇಲ್ಲ, ನಿಮ್ಮ ಮಕ್ಕಳಿಗೆ ಕಾರ್ಡೂ ಇಲ್ಲ. ಹೆದರಿಕೆ ಹುಟ್ಟಿದ್ದು ಮೀಟಿಂಗುಗಳಲ್ಲಿ, ‘ನಮ್ಮ ಜಿಲ್ಲೆ ಕೆಳಗೆ ಬರಬಾರದು’ ಅನ್ನುವ ಮಾತಿನಿಂದ.

ಬೆಂದಿರುವ ಅಗುಳನ್ನೇ ಹುಡುಕಿ ಒತ್ತಿದರೆ ಏನಾಗುತ್ತೆ? ಒಲೆ ಆರಿಸುತ್ತಾರೆ. ಆ ನಾಲ್ಕು ಮಕ್ಕಳಿಗೇ ಅಲ್ವಾ ಇನ್ನೂ ಸ್ವಲ್ಪ ಹೊತ್ತು ಬೆಂಕಿ ಬೇಕಿದ್ದದ್ದು. 2024ರ ಸರ್ವೇಕ್ಷಣೆಯಲ್ಲಿ 3ನೇ ಕ್ಲಾಸಿನ ಮಕ್ಕಳಲ್ಲಿ 99ರವರೆಗಿನ ಸಂಖ್ಯೆಗಳನ್ನು ಏರಿಕೆ, ಇಳಿಕೆ ಕ್ರಮದಲ್ಲಿ ಜೋಡಿಸಬಲ್ಲವರು 55 ಪರ್ಸೆಂಟ್, 6ನೇ ಕ್ಲಾಸಿನವರಲ್ಲಿ 10ರ ಮಗ್ಗಿಯವರೆಗೆ ಗೊತ್ತಿದ್ದವರು 53 ಪರ್ಸೆಂಟ್ ಅಂತ ಬಂತು. ಮನೆಯಲ್ಲಿ ಕೂತಿದ್ದ ನಿಮ್ಮ ನಾಲ್ವರಂಥವರು ಇದರಲ್ಲಿ ಸೇರಿಲ್ಲ.

ಆಗಿದ್ದು ಆಯಿತು. ಮುಖ ನೋಡಲು ಆಗುತ್ತಿಲ್ಲ ಅಂದಿರಲ್ಲ, ನಾಳೆಯಿಂದ ಪ್ರಾರ್ಥನೆಗೆ ಮುಂಚೆ ಇಪ್ಪತ್ತು ನಿಮಿಷ ಆ ನಾಲ್ವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನನ್ನ ಬಾಗಿಲ ಹತ್ತಿರದ ಹುಡುಗಿಗೆ ನಾನು ಆಮೇಲೆ ಅದನ್ನೇ ಮಾಡಿದ್ದು. ದೀಪಾವಳಿ ಕಳೆಯುವಷ್ಟರಲ್ಲಿ ತಿರುಗಿಸಿದ ಪುಟವನ್ನೂ ಓದುತ್ತಿದ್ದಳು.

ಪ್ರಶ್ನೆ: ಮಗ 5ನೇ ಕ್ಲಾಸು. ‘ಬೋರ್ಡ್ ಎಕ್ಸಾಮ್ ಇರುತ್ತೆ, ಫೇಲ್ ಆದರೆ ಅಲ್ಲೇ ಕೂರಬೇಕು’ ಅಂತ ಟ್ಯೂಷನ್‌ನವರು ಹೆದರಿಸುತ್ತಾರೆ. ನಿಜವಾ?
— ಶಿವಮೊಗ್ಗದ ತಾಯಿ

ಉತ್ತರ: ಟ್ಯೂಷನ್‌ನವರು ಹೆದರಿಸದೆ ಇನ್ಯಾರು ಹೆದರಿಸುತ್ತಾರೆ ಹೇಳಿ. ಕಥೆ ಇಷ್ಟು. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 8ನೇ ಕ್ಲಾಸು ಮುಗಿಯುವ ತನಕ ಯಾರನ್ನೂ ಫೇಲ್ ಮಾಡುವ ಹಾಗಿರಲಿಲ್ಲ, ಬೋರ್ಡ್ ಪರೀಕ್ಷೆ ಕಡ್ಡಾಯ ಮಾಡುವ ಹಾಗೂ ಇರಲಿಲ್ಲ. 2019ರ ತಿದ್ದುಪಡಿಯಲ್ಲಿ 5 ಮತ್ತು 8ಕ್ಕೆ ವರ್ಷದ ಕೊನೆಗೆ ಪರೀಕ್ಷೆ ಮಾಡಬೇಕು, ಫೇಲಾದವರಿಗೆ ಎರಡು ತಿಂಗಳೊಳಗೆ ಇನ್ನೊಂದು ಅವಕಾಶ ಕೊಡಬೇಕು, ಅದರಲ್ಲೂ ಹೋದರೆ ಅದೇ ಕ್ಲಾಸಿನಲ್ಲಿ ಉಳಿಸಬೇಕೋ ಬೇಡವೋ ಅನ್ನುವುದು ಸರ್ಕಾರದ ತೀರ್ಮಾನ ಅಂತಾಯಿತು. ಕೇಂದ್ರ ಸರ್ಕಾರ ತನ್ನ ಶಾಲೆಗಳಿಗೆ 2024ರ ಡಿಸೆಂಬರ್‌ನಲ್ಲಿ ಉಳಿಸುವ ನಿಯಮ ತಂದಿತು. ಕೇಂದ್ರೀಯ ವಿದ್ಯಾಲಯದಲ್ಲಿ ಮಗ ಓದುತ್ತಿದ್ದರೆ ಇದು ನಿಮಗೆ ಸಂಬಂಧಿಸಿದ್ದು.

ನಮ್ಮ ರಾಜ್ಯದ್ದು ಬೇರೆಯೇ ಧಾರಾವಾಹಿ. 2023ರ ಮಾರ್ಚ್‌ನಲ್ಲಿ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ ಪರೀಕ್ಷೆ ಬೇಡ ಅಂದರು, ಅದೇ ತಿಂಗಳು ವಿಭಾಗೀಯ ಪೀಠ ಆಗಲಿ ಅಂದಿತು, ಪರೀಕ್ಷೆ ನಡೆಯಿತು. 2024ರ ಮಾರ್ಚ್‌ನಲ್ಲಿ ಮತ್ತೆ ಅದೇ ಹಗ್ಗಜಗ್ಗಾಟ. ಪರೀಕ್ಷೆ ಶುರುವಾದ ಮೇಲೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಉಳಿದ ಪತ್ರಿಕೆ ಆಮೇಲೆ ಬರೆಸಿದರು, ಏಪ್ರಿಲ್‌ನಲ್ಲಿ ಫಲಿತಾಂಶಕ್ಕೇ ತಡೆ ಬಿತ್ತು. ಹತ್ತು ವರ್ಷದ ಮಕ್ಕಳು ನಾಳೆ ಪರೀಕ್ಷೆ ಇದೆಯೋ ಇಲ್ಲವೋ ಅಂತ ಟಿವಿ ಮುಂದೆ ಕೂತಿದ್ದರು. ಈ ವರ್ಷದ್ದನ್ನು ಶಾಲೆಗೆ ಬಂದ ಸುತ್ತೋಲೆ ನೋಡಿ ಹೆಡ್‌ಮಾಸ್ಟರ್ ಹತ್ತಿರ ಕೇಳಿ, ಟ್ಯೂಷನ್‌ನವರ ಹತ್ತಿರ ಬೇಡ. ಏನೇ ಆಗಲಿ, 8ನೇ ಕ್ಲಾಸು ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ. ಆ ಮಾತು ಕಾಯ್ದೆಯಲ್ಲಿ ಈಗಲೂ ಹಾಗೇ ಇದೆ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮಗಳು 3ನೇ ಗ್ರೇಡ್. ಮ್ಯಾಪ್ ಪರೀಕ್ಷೆಯಲ್ಲಿ ಓದಿನಲ್ಲಿ 62 ಬಂದಿದೆ. ಮೈಸೂರಿನಲ್ಲಿರುವ ನಮ್ಮತ್ತೆ ಫೋನಿನಲ್ಲಿ ‘ಬರೀ ಅರವತ್ತೆರಡಾ? ಉಳಿದ ಮೂವತ್ತೆಂಟು ಎಲ್ಲಿ ಹೋಯ್ತು?’ ಅಂತ ಕೇಳಿ ನನಗೂ ತಲೆ ಕೆಟ್ಟಿದೆ. ಮನೆ ಬದಲಿಸಿ ಹತ್ತಕ್ಕೆ ಹತ್ತು ರೇಟಿಂಗ್ ಇರುವ ಶಾಲೆಗೆ ಸೇರಿಸೋಣ ಅಂತ ಯಜಮಾನರು ಹೇಳುತ್ತಿದ್ದಾರೆ.
— ಹೆಸರು ಬೇಡ

ಉತ್ತರ: ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳಿ. ಆ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಆದರೆ ಅದು ನೂರಕ್ಕೆ 62 ಅಲ್ಲ, 62ನೇ ಪರ್ಸೆಂಟೈಲ್. ಅವರಿಗೆ ಹೀಗೆ ಹೇಳಿ: ಅಮೆರಿಕದ 3ನೇ ಗ್ರೇಡಿನ ನೂರು ಮಕ್ಕಳನ್ನು ಓದಿನ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದರೆ, ನಿಮ್ಮ ಮೊಮ್ಮಗಳು 62 ಜನರಿಗಿಂತ ಮುಂದೆ ನಿಂತಿದ್ದಾಳೆ. ಮೂವತ್ತೆಂಟು ಎಲ್ಲಿಗೂ ಹೋಗಿಲ್ಲ, ಅವರೂ ಮಕ್ಕಳೇ.

ಇನ್ನೂ ಒಂದು. ಮ್ಯಾಪ್ ನಮ್ಮೂರ ಪ್ರಶ್ನೆಪತ್ರಿಕೆಯ ಥರ ಎಲ್ಲರಿಗೂ ಒಂದೇ ಅಲ್ಲ. ಕಂಪ್ಯೂಟರಿನಲ್ಲಿ ಮಗು ಸರಿ ಉತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಗಟ್ಟಿ, ತಪ್ಪಾದರೆ ಸುಲಭದ್ದು. ಹೀಗೆ ಹಿಗ್ಗಿಸಿ ಕುಗ್ಗಿಸಿ ಮಗು ಎಲ್ಲಿದೆ ಅಂತ ಹಿಡಿಯುತ್ತೆ. ಹಾಗಾಗಿ ಎಷ್ಟೇ ಜಾಣ ಮಗುವಾದರೂ ಸುಮಾರು ಅರ್ಧ ಪ್ರಶ್ನೆ ತಪ್ಪಾಗುತ್ತವೆ. ‘ಅಮ್ಮಾ ತುಂಬಾ ಕಷ್ಟ ಇತ್ತು’ ಅಂತ ಅಳುತ್ತಾ ಬಂದರೆ ಗಾಬರಿಯಾಗಬೇಡಿ, ಆ ಪರೀಕ್ಷೆಯ ರೀತಿಯೇ ಹಾಗೆ. ವರ್ಷಕ್ಕೆ ಎರಡು ಮೂರು ಸಲ ಈ ಪರೀಕ್ಷೆ ಇರುತ್ತೆ. ಮಳೆಗಾಲದ ಕೊನೆಯಲ್ಲಿ ಎಷ್ಟಿತ್ತು, ಬೇಸಿಗೆಗೆ ಮುಂಚೆ ಎಷ್ಟಾಯಿತು, ಅದನ್ನು ಟೀಚರ್ ಹತ್ತಿರ ಕೇಳಿ. (ಅಲ್ಲಿ ಮಳೆಗಾಲ ಯಾವಾಗಲೋ ನನಗೇನು ಗೊತ್ತು, ಆಗಸ್ಟ್ ಸೆಪ್ಟೆಂಬರ್ ಅಂತ ಓದಿಕೊಳ್ಳಿ.)

ರೇಟಿಂಗ್ ವಿಷಯಕ್ಕೆ ತಿಪಟೂರಿನವರಿಗೆ ಹೇಳಿದ್ದೇ ಮಾತು, ಸ್ವಲ್ಪ ದೊಡ್ಡ ಪುರಾವೆ ಜೊತೆಗೆ. ಅಲ್ಲಿ 3ರಿಂದ 8ನೇ ಗ್ರೇಡಿನವರೆಗೆ ಪ್ರತಿ ವರ್ಷ ಓದು, ಗಣಿತ ಎರಡಕ್ಕೂ ಪರೀಕ್ಷೆ ಮಾಡಲೇಬೇಕು ಅಂತ ಫೆಡರಲ್ ಕಾನೂನಿದೆ. ಹಾಗಾಗಿ ಕೋಟಿಗಟ್ಟಲೆ ಅಂಕ ಸಿಗುತ್ತವೆ. ಸ್ಟ್ಯಾನ್‌ಫರ್ಡ್‌ನ ಷಾನ್ ರಿಯರ್ಡನ್ ಅನ್ನುವವರು ಇದನ್ನೆಲ್ಲ ಕೂಡಿಹಾಕಿ ನೋಡಿದರು. ಸರಾಸರಿ ಅಂಕ ಮನೆಯ ಅನುಕೂಲದ ಬೆನ್ನಿಗೇ ಹೋಗುತ್ತೆ. ಆದರೆ ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಬೆಳೆದರು ಅಂತ ನೋಡಿದರೆ ಆ ನಂಟು ತೀರಾ ಸಡಿಲ. ಷಿಕಾಗೋ ನಗರದ ಶಾಲೆಗಳಲ್ಲಿ ಬಡವರ ಮಕ್ಕಳೇ ಜಾಸ್ತಿ, 3ನೇ ಗ್ರೇಡಿನಲ್ಲಿ ಅವರ ಅಂಕ ದೇಶದ ಸರಾಸರಿಗಿಂತ ಕೆಳಗೆ. 2009ರಿಂದ 2014ರ ಲೆಕ್ಕ ಹಿಡಿದರೆ, 3ರಿಂದ 8ನೇ ಗ್ರೇಡಿಗೆ ಬರುವ ಐದು ವರ್ಷದಲ್ಲಿ ಅದೇ ಮಕ್ಕಳು ಆರು ವರ್ಷದಷ್ಟು ಕಲಿತಿದ್ದರು. ಬರೀ ಸರಾಸರಿ ನೋಡಿ ಮನೆ ಹುಡುಕುವವರು ಆ ಊರ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ನಿಮ್ಮೂರಿನ ಹತ್ತಕ್ಕೆ ಹತ್ತಿನ ಶಾಲೆಗೆ ಬರುವುದು ಸಾಫ್ಟ್‌ವೇರಿನವರ ಮಕ್ಕಳು ಅಂತ ನಾನು ಹೇಳಬೇಕಾ? ಮಗಳಿಗೆ ಈಗಿನ ಶಾಲೆಯಲ್ಲಿ ಗೆಳತಿಯರಿದ್ದರೆ, ಟೀಚರ್ ಅವಳ ಹೆಸರು ಹಿಡಿದು ನಾಲ್ಕು ಮಾತು ಹೇಳಬಲ್ಲರಾದರೆ, ಆ ಬಾಡಿಗೆ ದುಡ್ಡಿನಲ್ಲಿ ಒಂದು ಸಲ ಮೈಸೂರಿಗೆ ಬಂದು ಹೋಗಿ. ಅಜ್ಜಿ ಕನ್ನಡ ಓದಲು ಕಲಿಸಲಿ.

ಪ್ರಶ್ನೆ: ನಮ್ಮ ಕಾಲಕ್ಕ ಏಳನೇತ್ತಕ್ಕ ಮುಲ್ಕಿ ಪರೀಕ್ಷಾ ಇತ್ತು. ಮುಲ್ಕಿ ಪಾಸಾದಾಂವ ಮಾಸ್ತರ್ ಆಗತಿದ್ದ, ತಲಾಠಿ (ಊರ ಲೆಕ್ಕಿಗ) ಆಗತಿದ್ದ. ಎಲ್ಲಾರೂ ಶಾಣ್ಯಾರಿದ್ದಿವಿ. ಈಗಿನ ಹುಡುಗರಿಗೆ ಏನೂ ಬರೂದಿಲ್ಲ. ಯಾಕ್ರಿ?
— 84 ವರ್ಷದ ಹಿರಿಯರು, ಧಾರವಾಡ

ಉತ್ತರ: ಅಜ್ಜಾರ, ನೀವು ಶಾಣ್ಯಾ ಇದ್ದಿರಿ ಅನ್ನುವುದಕ್ಕೆ ನಿಮ್ಮ ದುಂಡಾದ ಅಕ್ಷರವೇ ಸಾಕ್ಷಿ. ಒಂದೇ ಒಂದು ಲೆಕ್ಕ ಕೇಳುತ್ತೇನೆ. ಒಂದನೇತ್ತದಾಗ ನಿಮ್ಮ ಜೊತೆ ಹಲಗಿ ಬಳಪ ಹಿಡಿದು ಕೂತಿದ್ದವರ ಹೆಸರು ನೆನಪು ಮಾಡಿಕೊಳ್ಳಿ. ಅದರಲ್ಲಿ ಮುಲ್ಕಿ ಬರೆಯುವ ತನಕ ಉಳಿದವರು ಎಷ್ಟು ಮಂದಿ, ಅದರಲ್ಲಿ ಹೆಣ್ಣುಮಕ್ಕಳು ಎಷ್ಟು, ಓಣಿಯ ಆ ತುದಿಯ ಮನೆಗಳವರು ಎಷ್ಟು? ಕಾರ್ಡಿನಲ್ಲಿ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.